ಅಚಿಯಾಳಿಗೆ ಸಿಕ್ಕ ಎಂಟು ಅಂಕ

ಕುಮಾಸಿ ಪಟ್ಟಣದ ದೊಡ್ಡ ಮಾರುಕಟ್ಟೆಯಲ್ಲಿ ಬಟ್ಟೆ ಮಾರುವ ಹೆಂಗಸರ ಸಾಲಿಗೆ ತನ್ನದೇ ಆದ ಒಂದು ನಂಬಿಕೆಯಿತ್ತು. ಹೊಗಳಿ ಹೋದ ಗಿರಾಕಿ ಮತ್ತೆ ಬರುವುದಿಲ್ಲ. ಬೈದು ಹೋದವಳು ಬಂದೇ ಬರುತ್ತಾಳೆ. ಅಚಿಯಾ ಈ ಮಾತನ್ನು ನಡೆಯಲು ಕಲಿಯುವ ಮೊದಲೇ ಕೇಳಿದವಳು. ಅವಳ ತಾಯಿ ತುತುವಾ ಮಗುವನ್ನು ಬೆನ್ನಿಗೆ ಬಿಗಿದುಕೊಂಡೇ ಬಟ್ಟೆಯ ಮಡಿಕೆ ಕೊಡವಿ, ಗಾಳಿಯಲ್ಲಿ ಬಿಡಿಸಿ, ಗಿರಾಕಿಯ ಮೊಣಕಾಲ ಮೇಲೆ ಹರಡುತ್ತಿದ್ದಳು.

"ಇದೂ ಒಂದು ಬಣ್ಣವೇನೇ? ಒಂದೇ ಒಗೆತಕ್ಕೆ ಸೊಳ್ಳೆಪರದೆ ಆಗಿಬಿಡುತ್ತೆ," ಎಂದು ಗಿರಾಕಿ ಮೂಗು ಮುರಿದರೆ ತುತುವಾಳ ಮುಖ ಅರಳುತ್ತಿತ್ತು.

"ಆಗಲಿ ಬಿಡು, ನಿನ್ನ ಗಂಡ ಅದರೊಳಗೇ ಮಲಗಲಿ. ಸೊಳ್ಳೆ ಬದಲು ನೀನು ಕಚ್ಚು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ವ್ಯಾಪಾರ ಕುದುರುತ್ತಿತ್ತು. ತಪ್ಪು ಹುಡುಕುವುದು ಅಲ್ಲಿ ಸಂಬಂಧದ ಮೊದಲ ಗಂಟು. ಏನೂ ಅನ್ನದೆ "ಚೆನ್ನಾಗಿದೆ, ತುಂಬಾ ಚೆನ್ನಾಗಿದೆ" ಎಂದು ಬಟ್ಟೆಯನ್ನು ಮೆಲ್ಲನೆ ಕೆಳಗಿಡುವವಳನ್ನು ಕಂಡರೆ ತುತುವಾ ನಿಟ್ಟುಸಿರು ಬಿಟ್ಟು ಮಡಿಕೆ ಹಾಕತೊಡಗುತ್ತಿದ್ದಳು.

ಅಚಿಯಾ ಶಾಲೆ ಕಲಿತಳು. ಸುಆಮೆ ಎಂಬ ಬಡಾವಣೆಯ ಗ್ಯಾರೇಜುಗಳ ನಡುವೆ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಬಹಳ ವರ್ಷ ದುಡಿದಳು. ಊರಿಗೆ ದುಬಾರಿ ಕಾರುಗಳ ಷೋರೂಮು ಬಂದಾಗ ಅಲ್ಲಿಗೆ ಮಾರಾಟದವಳಾಗಿ ಸೇರಿದಳು. ಆಗ ಅವಳಿಗೆ ನಲವತ್ತು ದಾಟಿತ್ತು. ಶನಿವಾರಗಳ ಸಾವಿನ ಕೂಟಗಳಲ್ಲಿ, ಕೆಂಪು ಕಪ್ಪು ಬಟ್ಟೆಯುಟ್ಟು ಕುಲವೆಲ್ಲ ಸೇರಿದಾಗ, ಅವಳ ಚಿಕ್ಕಮ್ಮಂದಿರು ಪರಸ್ಥಳದವರಿಗೆ ಅವಳನ್ನು ತೋರಿಸಿ ಹೇಳುತ್ತಿದ್ದರು: "ಇವಳೇ ನಮ್ಮ ತುತುವಾಳ ಮಗಳು. ತಣ್ಣನೆ ಗಾಳಿಯಲ್ಲಿ ಕೂತಲ್ಲೇ ಕಾರು ಮಾರ್ತಾಳೆ." ತಾಯಿ ತೀರಿಕೊಂಡಾಗ ಅವಳು ಮಾರುಕಟ್ಟೆಯಲ್ಲಿ ಕೂತು ಬಟ್ಟೆ ಮಾರುತ್ತಿದ್ದ ಕಟ್ಟೆ ಅಚಿಯಾಳಿಗೆ ಬರಬೇಕಿತ್ತು. "ನನಗೆ ಅದರ ಅಗತ್ಯವಿಲ್ಲ," ಎಂದು ಕುಲದ ಹಿರಿಯರ ಮುಂದೆ ಹೇಳಿ ಅದನ್ನು ಚಿಕ್ಕಮ್ಮನ ಮಗಳು ಅಫ್ರಿಯೆಗೆ ಬಿಟ್ಟುಕೊಟ್ಟಳು. ಆ ದಿನ ಎಲ್ಲರೂ ಅವಳ ದೊಡ್ಡ ಮನಸ್ಸನ್ನು ಕೊಂಡಾಡಿದರು.

ಷೋರೂಮಿನ ಲೋಕವೇ ಬೇರೆ. ಬಿಳಿ ಹಾಸುಗಲ್ಲು, ಮುಖ ಕಾಣುವಷ್ಟು ಹೊಳಪು, ಮೂಲೆಯಲ್ಲಿ ಬುಸುಗುಟ್ಟುವ ಕಾಫಿ ಯಂತ್ರ. ಕಾರು ಕೊಂಡವನ ಹೆಸರನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಬರೆಯಬೇಕು, ಕಾರಿಗೆ ಮಿರುಗುವ ಬಟ್ಟೆ ಹೊದಿಸಬೇಕು, ಅದನ್ನು ಎಳೆದಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು. ಇಷ್ಟು ಹಣ ತೆತ್ತವನು ತನ್ನನ್ನು ಅರಸನಂತೆ ಕಾಣಬೇಕೆಂದು ನಿರೀಕ್ಷಿಸುತ್ತಾನೆ ಎಂಬುದು ಅಲ್ಲಿನ ಪಾಠ. ಅಚಿಯಾ ಅದನ್ನೆಲ್ಲ ಕಲಿತಳು. ಅವಳ ಗಂಟಲಲ್ಲಿ ಇಳಿಯದೆ ಉಳಿದದ್ದು ಒಂದೇ ತುತ್ತು, ಅಂಕದ್ದು.

ಕಾರು ಮನೆಗೆ ಹೋದ ಕೆಲವು ದಿನಗಳ ಮೇಲೆ, ಸಮುದ್ರದಾಚೆಯ ಯಾವುದೋ ಕಚೇರಿಯಿಂದ ಕೊಂಡವರಿಗೆ ಫೋನು ಬರುತ್ತಿತ್ತು. ನಿಮ್ಮನ್ನು ನೋಡಿಕೊಂಡವರಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ? ಹತ್ತು ಬಂದರೆ ತೇರ್ಗಡೆ. ಒಂಬತ್ತು ಬಂದರೆ ಅಷ್ಟಕ್ಕಷ್ಟೆ. ಎಂಟು ಮತ್ತು ಸೊನ್ನೆಯ ನಡುವೆ ಆ ಕಚೇರಿಗೆ ಯಾವ ವ್ಯತ್ಯಾಸವೂ ಇರಲಿಲ್ಲ.

ಅವಳ ಜೊತೆಯವನು ಎಸ್ಸೆಲ್, ಕರಾವಳಿಯ ಕಡೆಯವನು, ನಾಲಿಗೆ ಚುರುಕು. ಕೀಲಿಕೈ ಕೊಡುವ ಮೊದಲೇ ಗಿರಾಕಿಯ ಕೈಗೊಂದು ಕೊಡೆ, ತಲೆಗೊಂದು ಟೋಪಿ ಕೊಟ್ಟು ಪಾಠ ಒಪ್ಪಿಸಿಕೊಳ್ಳುತ್ತಿದ್ದ. "ಫೋನ್ ಬಂದ್ರೆ ಏನಂತೀರಾ ಬಾಸ್?" "ಹತ್ತು." "ಜೋರಾಗಿ!" "ಹತ್ತು!" ಅವನ ಗಿರಾಕಿಗಳೆಲ್ಲ ನಗುನಗುತ್ತ ಹತ್ತು ಹೇಳುತ್ತಿದ್ದರು.

ಅಚಿಯಾಳಿಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ನನ್ನನ್ನು ಹೊಗಳಿ ಎಂದು ತಾನೇ ಕೇಳುವುದು, ಅದೂ ವಯಸ್ಸಾದವರನ್ನು, ಅವಳಿಗೆ ನಡುಬೀದಿಯಲ್ಲಿ ಉಟ್ಟ ಬಟ್ಟೆ ಬಿಚ್ಚಿ ಮಾರಿದಂತೆ. ಹಾಗಾಗಿ ಅವಳ ಗಿರಾಕಿಗಳು ತಮಗೆ ತೋಚಿದ್ದನ್ನು ಹೇಳಿದರು. ಚಿನ್ನದ ವ್ಯಾಪಾರದ ಹೆಂಗಸೊಬ್ಬಳು, ಅವಳನ್ನು ತಂಗಿಯೆಂದೇ ಕರೆಯುತ್ತಿದ್ದವಳು, ಏಳು ಕೊಟ್ಟಳು. ಕಾರಣ ಕೇಳಿದರೆ, "ಎಲ್ಲಾ ಕೊಟ್ಟುಬಿಟ್ರೆ ಆಮೇಲೆ ಬಯ್ಯೋಕೆ ಏನು ಉಳಿಯುತ್ತೆ?" ಎಂದಳಂತೆ.

ಮ್ಯಾನೇಜರ್ ಲಾರ್ಟೆ ಅಕ್ರಾದಿಂದ ಬಂದವನು, ಕೆಟ್ಟವನಲ್ಲ. ಅವಳನ್ನು ಗಾಜಿನ ಕೋಣೆಗೆ ಕರೆದು ಬಾಗಿಲು ಮುಚ್ಚಿದ.

"ಮೇಡಂ ಅಚಿಯಾ, ಮಾರಾಟದಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಆದ್ರೆ ಮೇಲಿನವರು ಮಾರಾಟ ನೋಡಲ್ಲ, ಅಂಕ ನೋಡ್ತಾರೆ. ಮುಂದಿನ ಗಿರಾಕಿ ಹತ್ತು ಕೊಡದೇ ಇದ್ರೆ ನಿಮ್ಮ ಕರಾರು ಮುಂದುವರಿಸೋಕೆ ನನ್ನ ಕೈಲಾಗಲ್ಲ."

"ಮುಂದಿನ ಗಿರಾಕಿ ಯಾರಾದರೂ ಸರಿಯಾ, ಬಾಸ್?"

"ಯಾರಾದರೂ ಸರಿ. ಒಂದು ಮಾತು ಹೇಳಿಬಿಡಿ ಅವರಿಗೆ. ಒಂದೇ ಒಂದು ಮಾತು."

ಆ ಮುಂದಿನ ಗಿರಾಕಿಯಾಗಿ ಬಂದವರು ಒಪಾನಿನ್ ತವಿಯಾ.

ಒಪಾನಿನ್ ಎಂದರೆ ಹಿರಿಯರು. ಆದರೆ ಊರಿನ ಅರ್ಧಕ್ಕರ್ಧ ಜನರಿಗೆ ಅವರು ಇಂದಿಗೂ ಹೆಡ್‌ಮಾಸ್ತರೇ. ಅವರ ಹಳೆಯ ವಿದ್ಯಾರ್ಥಿಗಳು, ಕೆಲವರು ಇಲ್ಲಿ, ಕೆಲವರು ದೂರದೇಶದಲ್ಲಿ, ಎಲ್ಲರೂ ಸೇರಿ ಗುರುವಿಗೊಂದು ಕಾರು ಕೊಡಿಸುವುದೆಂದು ನಿಶ್ಚಯಿಸಿದ್ದರು. ಯಾವುದೆಂದು ಆರಿಸುವ ಕೆಲಸ ಮಾತ್ರ ಗುರುವಿನದು. ತಂಗಿಯ ಮಗ ಒಪ್ಪೊಂಗ್‌ನ ತೋಳು ಹಿಡಿದು, ಭುಜದ ಮೇಲೆ ಬಟ್ಟೆಯನ್ನು ಓರಣವಾಗಿ ಹೊದ್ದು, ಅವರು ಬಾಗಿಲು ದಾಟಿದರು.

ಎಸ್ಸೆಲ್ ಎದ್ದು ಓಡಿ ಹೋಗಿ ಕೈ ಚಾಚಿದ. "ವೆಲ್‌ಕಂ ಸಾರ್! ಏನು ಸಹಾಯ ಮಾಡ್ಲಿ?"

ಮುದುಕರು ಅವನನ್ನೇ ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ, "ನಡಿಯೋ. ಬಾಯಾರಿದವನಿಗೆ ನೀರು ಕೊಡದೆ ಬಂದ ಕಾರ್ಯ ಕೇಳೋ ಮನೆ ಇದು," ಎಂದರು.

ಅಚಿಯಾ ಆಗಲೇ ಕುರ್ಚಿ ಎಳೆದಿದ್ದಳು. ಮೊಣಕಾಲು ತುಸು ಬಾಗಿಸಿ, ಎರಡೂ ಕೈಯಲ್ಲಿ ನೀರು ಕೊಟ್ಟಳು. ಅವರು ಕುಡಿದು ಮುಗಿಸುವವರೆಗೆ ಸುಮ್ಮನಿದ್ದಳು. ಲೋಟ ಹಿಂದಕ್ಕೆ ಬಂದ ಮೇಲೆ ಎದುರಿಗೆ ಕೂತು, ತನ್ನ ಅಜ್ಜಿಯ ಮನೆಯಂಗಳದಲ್ಲಿ ಬಂದವರನ್ನು ವಿಚಾರಿಸುವ ಪದ್ಧತಿಯಂತೆ ಕೇಳಿದಳು: "ಇಲ್ಲಿ ಎಲ್ಲಾ ತಣ್ಣಗಿದೆ, ಅಪ್ಪಯ್ಯ. ದಾರಿ ನಡೆದು ಬಂದವರು ನೀವು. ನಿಮ್ಮ ಮಾತು ಹೇಳಿ."

ಮುದುಕರ ಮುಖ ಸಡಿಲಾಯಿತು. "ಹೀಗೆ ಕೇಳಬೇಕು ನೋಡು. ಯಾರ ಮಗಳಮ್ಮ ನೀನು?"

"ಮಾರುಕಟ್ಟೆಯ ತುತುವಾ ಮಗಳು."

"ಹಾಗನ್ನು! ನನ್ನ ಹೆಂಡತಿ ಆಕೆ ಹತ್ತಿರ ಬಟ್ಟೆ ತಗೊಂಡು ಮನೆಗೆ ಬಂದು ದಿನವಿಡೀ ಆಕೇನ ಬೈತಿದ್ಲು."

ಅಚಿಯಾ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ತಾಯಿಗೆ ಬೇರೆ ಸಿಗಲಾರದು.

ಅವರು ಕಾರನ್ನು ಉತ್ತರಪತ್ರಿಕೆ ತಿದ್ದುವಂತೆ ನೋಡಿದರು. ಬಾಗಿಲು ತೆಗೆದು, ಮುಚ್ಚಿ, ಆ ಸದ್ದಿಗೆ ಕಿವಿಗೊಟ್ಟರು. ಹಿಂದಿನ ಸೀಟಿನಲ್ಲಿ ಕೂತು ಬಟ್ಟೆಯ ಸೆರಗು ಬಾಗಿಲಿಗೆ ಸಿಕ್ಕುವುದೋ ಇಲ್ಲವೋ ಎಂದು ಪರೀಕ್ಷಿಸಿದರು. ಮತ್ತೆ ಬಂದರು, ಮತ್ತೂ ಬಂದರು. ಪ್ರತಿ ಸಲವೂ ನೀರು, ಕುರ್ಚಿ, ಯೋಗಕ್ಷೇಮ, ಆಮೇಲೆ ಕಾರು. ಅಚಿಯಾ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಕಾರು ಒಪ್ಪಿಸುವ ದಿನ ಒಂದು ತೊಡಕು ಬಂತು. ಪಿತೃಗಳನ್ನು ಕರೆದು ನೆಲಕ್ಕೆ ಮದ್ಯ ಎರೆಯದೆ ಒಪಾನಿನ್ ಹೊಸ ಗಾಡಿಯಲ್ಲಿ ಕಾಲಿಡುವವರಲ್ಲ. ಷೋರೂಮಿನ ಹಾಸುಗಲ್ಲಿನ ಮೇಲೆ ಎರೆದರೆ ಅದು ಯಾವ ಪಿತೃವಿನ ಬಾಯಿಗೂ ತಲುಪದು. ಒರೆಸುವ ಬಟ್ಟೆಯೇ ಕುಡಿದುಬಿಡುತ್ತದೆ. ಈ ಮಾತನ್ನು ಅವರು ಹೇಳುವ ಮೊದಲೇ ಅಚಿಯಾ ಯೋಚಿಸಿದ್ದಳು. ಮ್ಯಾನೇಜರನ್ನು ಒಪ್ಪಿಸಿ, ಕಾರನ್ನು ಗೇಟಿನ ಹೊರಗೆ, ಮಾವಿನ ಮರದ ಕೆಳಗಿನ ಕೆಮ್ಮಣ್ಣಿನ ತುಂಡು ನೆಲದ ಪಕ್ಕಕ್ಕೆ ತರಿಸಿದ್ದಳು. ಹೊದಿಸಿದ ಬಟ್ಟೆಯೂ ಇತ್ತು, ಚಪ್ಪಾಳೆಯೂ ಇತ್ತು. ಎಲ್ಲ ಆ ಮರದಡಿಯಲ್ಲೇ. ಮುದುಕರು ಚಪ್ಪಲಿ ಕಳಚಿ, ಸತ್ತವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತ ಮಣ್ಣಿಗೆ ಎರೆದರು. ಮಣ್ಣು ತಕ್ಷಣ ಹೀರಿಕೊಂಡಿತು.

"ನೋಡು, ಕುಡಿದ್ರು," ಎಂದು ಅವರು ಮೆಲ್ಲಗೆ ಅಚಿಯಾಳಿಗೆ ಹೇಳಿದರು. ಕಣ್ಣು ಒದ್ದೆಯಾಗಿತ್ತು.

ಹೇಳಬೇಕಾದ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದದ್ದು ಆಗಲೇ. ಹಿಂದಿನಿಂದ ಎಸ್ಸೆಲ್ ಹತ್ತೂ ಬೆರಳು ಅರಳಿಸಿ ತೋರಿಸುತ್ತಿದ್ದ.

"ಅಪ್ಪಯ್ಯ... ಒಂದು ಫೋನ್ ಬರುತ್ತೆ. ನಾನು ಹೇಗೆ ನೋಡ್ಕೊಂಡೆ ಅಂತ ಕೇಳ್ತಾರೆ. ಅಂಕ ಕೊಡಿ ಅಂತಾರೆ."

"ಕೇಳ್ಲಿ ಬಿಡು ಮಗಳೇ. ಜೀವಮಾನವೆಲ್ಲ ಅಂಕ ಕೊಟ್ಟವನಿಗೆ ಅದನ್ನೂ ನೀನು ಹೇಳಿಕೊಡಬೇಕಾ?" ಎಂದು ಅವರು ಅವಳ ತಲೆಯ ಮೇಲೆ ಕೈಯಿಟ್ಟು ಕಾರು ಹತ್ತಿದರು.

ಮಾತು ಅಲ್ಲಿಗೇ ನಿಂತಿತು.

ಮುಂದಿನ ವಾರ ಲಾರ್ಟೆ ಅವಳನ್ನು ಮತ್ತೆ ಗಾಜಿನ ಕೋಣೆಗೆ ಕರೆದ. ಫೋನಿನ ಧ್ವನಿಮುದ್ರಣ ಹಾಕಿದ. ಮೊದಲು ಯಾವುದೋ ದೂರದ ಹುಡುಗಿಯ ಧ್ವನಿ. ಆಮೇಲೆ ಒಪಾನಿನ್‌ರ ಗಟ್ಟಿ ದನಿ.

"ಬರ್ಕೊಳಮ್ಮ. ಎಂಟು."

"ಧನ್ಯವಾದ ಸರ್. ಹತ್ತು ಕೊಡದೇ ಇರೋಕೆ ಏನಾದ್ರೂ ಕಾರಣ ಇದೆಯಾ? ಯಾವುದಾದ್ರೂ ಕೊರತೆ ಆಯ್ತಾ?"

"ಕೊರತೆ? ಯಾರು ಹೇಳಿದ್ದು ಕೊರತೆ ಅಂತ? ಹತ್ತು ದೇವರದು. ಒಂಬತ್ತು, ಪಾಠ ಹೇಳಿದ ಗುರುವಿನದು. ಮನುಷ್ಯರಿಗೆ ಅಂತ ಉಳಿಯೋದು ಎಂಟು. ಅದನ್ನೂ ನಾನು ಯಾರಿಗೂ ಕೊಟ್ಟೋನಲ್ಲ. ನನ್ನ ಸ್ವಂತ ಮಗನಿಗೆ ಆರು. ಈ ಹೆಣ್ಣುಮಗಳಿಗೆ ಎಂಟು. ಸರಿಯಾಗಿ ಬರ್ಕೊಂಡ್ಯಾ?"

"ಬರ್ಕೊಂಡೆ ಸರ್. ಎಂಟು."

ಲಾರ್ಟೆ ಅದನ್ನು ನಿಲ್ಲಿಸಿದ. ಅಚಿಯಾಳ ಎದೆ ಒಂದು ಕ್ಷಣ ಉಬ್ಬಿ ಬಂದದ್ದು ನಿಜ. ಮರುಕ್ಷಣವೇ ಅವಳಿಗೆ ಎದುರಿಗಿದ್ದವನ ಮುಖ ಕಂಡಿತು.

"ಈ ಮಾತೆಲ್ಲ ಮೇಲಕ್ಕೆ ಹೋಗಲ್ಲ ಮೇಡಂ. ಎಂಟು ಅನ್ನೋದಷ್ಟೇ ಹೋಗುತ್ತೆ. ನನಗೂ ಒಂದು ಅಂಕ ಇದೆ, ನಿಮ್ಮದು ಅದರೊಳಗೆ ಸೇರುತ್ತೆ." ಅವನು ಕನ್ನಡಕ ತೆಗೆದು ಒರೆಸಿದ. "ಒಂದು ದಾರಿ ಇದೆ. ಗಿರಾಕಿಯೇ ಫೋನ್ ಮಾಡಿ, ತಪ್ಪಾಗಿ ಹೇಳಿದೆ, ಹತ್ತು ಅಂದ್ರೆ ತಿದ್ದುತ್ತಾರೆ. ಹೋಗಿ ಕೇಳಿ. ನಾಚಿಕೆ ಪಟ್ಕೋಬೇಡಿ."

ಅವಳು ಹೋದಳು. ಭಾನುವಾರ, ಚರ್ಚು ಬಿಟ್ಟ ಹೊತ್ತು. ಅಂಗಳದಲ್ಲಿ ಬೇಯಿಸಿದ ಗೆಡ್ಡೆಯನ್ನು ಫುಫು ಮುದ್ದೆಗೆಂದು ಕುಟ್ಟುವ ಒನಕೆಯ ಸದ್ದು. ಕಾರು ಚಪ್ಪರದಡಿ ನಿಂತಿತ್ತು; ಅದರ ಮೇಲೆ ಷೋರೂಮಿನ ಅದೇ ಮಿರುಗುಬಟ್ಟೆ ಹೊದಿಸಿತ್ತು. ಮನೆಯವರೆಲ್ಲ ಎದ್ದು ಬಂದರು. ಕುರ್ಚಿ ಬಂತು. ನೀರು ಬಂತು. ಅವಳು ಕುಡಿದು ಲೋಟ ಹಿಂದಿರುಗಿಸಿದಳು. ಒಪಾನಿನ್ ಎದುರಿಗೆ ಕೂತು, ಪದ್ಧತಿಯಂತೆ ಕೇಳಿದರು.

"ಇಲ್ಲಿ ಎಲ್ಲಾ ತಣ್ಣಗಿದೆ ಮಗಳೇ. ದಾರಿ ನಡೆದು ಬಂದವಳು ನೀನು. ನಿನ್ನ ಮಾತು ಹೇಳು."

ಎಂಥ ಕಷ್ಟದ ಮಾತನ್ನಾದರೂ ಆಡಲೆಂದೇ ಹಿರಿಯರು ಕಟ್ಟಿಕೊಟ್ಟ ಬಾಗಿಲು ಅದು. ಸಾವಿನ ಸುದ್ದಿ ಕೂಡ ಆ ಪ್ರಶ್ನೆಯ ಉತ್ತರವಾಗಿಯೇ ಬರುತ್ತದೆ. ಬಾಗಿಲು ತೆರೆದಿತ್ತು. ಮನೆಯವರೆಲ್ಲ ಕಾಯುತ್ತಿದ್ದರು.

"ನನ್ನದೂ ತಣ್ಣಗೇ ಇದೆ, ಅಪ್ಪಯ್ಯ," ಎಂದಳು ಅಚಿಯಾ. "ಗಾಡಿ ಹೇಗಿದೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಕೇಳಿದ್ರಾ!" ಎಂದು ಮುದುಕರು ಮನೆಯವರ ಕಡೆ ತಿರುಗಿದರು. "ಮಾರಿದ ಮೇಲೆ ಯಾರು ಮನೆಗೆ ಬಂದು ವಿಚಾರಿಸ್ತಾರೆ ಈ ಕಾಲದಲ್ಲಿ? ಇದಕ್ಕೇ ನಾನು ಎಂಟು ಕೊಟ್ಟಿದ್ದು. ಫೋನಲ್ಲಿ ಆ ಹುಡುಗಿಗೆ ನಂಬಿಕೇನೇ ಬರಲಿಲ್ಲ, ಎರಡೆರಡು ಸಲ ಕೇಳಿದಳು."

ಅಚಿಯಾ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. ಉಳಿದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, "ಅಪ್ಪಯ್ಯ, ಆ ಎಂಟನ್ನ... ಹತ್ತು ಮಾಡೋಕಾಗಲ್ವಾ?" ಎಂದು ಕೇಳಿಯೇಬಿಟ್ಟಳು.

ಒಪಾನಿನ್ ತೊಡೆ ತಟ್ಟಿಕೊಂಡು ನಕ್ಕರು. ಎಷ್ಟು ನಕ್ಕರೆಂದರೆ ಒಪ್ಪೊಂಗ್ ಅವರ ಬೆನ್ನು ನೀವಬೇಕಾಯಿತು.

"ತುತುವಾ ಮಗಳು! ಚೌಕಾಸಿ ಮಾಡ್ತಾಳೆ ನೋಡ್ರೋ, ನನ್ನ ಹತ್ತಿರವೇ!"

"ಬಿಡಬೇಡ, ಕೇಳಮ್ಮ, ಇನ್ನೂ ಎರಡು ಹಾಕ್ಲಿ," ಎಂದು ಒನಕೆ ಹಿಡಿದ ಹೆಂಗಸು ಕೂಗಿದಳು. "ನಮ್ಮ ಸೂಪಿಗೆ ಉಪ್ಪು ಹಾಕೋಕೂ ಅಳೆದು ಸುರಿದು ಮಾಡೋ ಮನುಷ್ಯ!"

ಎಲ್ಲರೂ ನಕ್ಕರು. ಅಚಿಯಾಳೂ ನಕ್ಕಳು. ನಗುವಿನ ನಡುವೆ ಮಾತು ಮುಂದುವರಿಸಬಹುದಿತ್ತು. ಇದು ತಮಾಷೆಯಲ್ಲ, ನನ್ನ ಅನ್ನದ ಪ್ರಶ್ನೆ ಎನ್ನಬಹುದಿತ್ತು. ಆದರೆ ಹಾಗೆಂದ ಕೂಡಲೇ ಮುದುಕರ ಬದುಕಿನ ಅತಿ ದೊಡ್ಡ ಕೊಡುಗೆ ಅವರೇ ಕೈಯಾರೆ ಮಾಡಿದ ಕೇಡಾಗಿ ಕಾಣುತ್ತದೆ. ಆ ನಗು ಅಲ್ಲೇ ನಿಂತುಬಿಡುತ್ತದೆ. ಈ ವಯಸ್ಸಿನಲ್ಲಿ ಅವರು ಆ ನೋವನ್ನು ಎಲ್ಲಿ ಇಟ್ಟುಕೊಳ್ಳಬೇಕು? ಅವಳು ಫುಫು ಉಂಡು, ಕೈ ತೊಳೆದು ಎದ್ದಳು. ಬೀಳ್ಕೊಡುವಾಗ ಒಪಾನಿನ್ ಹೇಳಿದರು: "ಈ ನಗುವಿನಲ್ಲಿ ಮರೀತಿದ್ದೆ. ನಾಳೆ ಬಿಟ್ಟು ಮುಂದಿನ ಸೋಮವಾರ ಬೆಳಗ್ಗೆ ನಾವು ಅಲ್ಲಿಗೆ ಬರ್ತೀವಿ. ಪದ್ಧತಿ ಪ್ರಕಾರ ಕೃತಜ್ಞತೆ ಹೇಳೋದು ಬಾಕಿ ಇದೆ. ಬೇಗ ಬಂದಿರು."

"ಬಂದಿರ್ತೀನಿ, ಅಪ್ಪಯ್ಯ."

ಅವಳ ಕರಾರು ಶುಕ್ರವಾರಕ್ಕೆ ಮುಗಿಯಿತು. ಲಾರ್ಟೆ ಎದ್ದು ನಿಂತು ಕೈಕುಲುಕಿದ. ಎಸ್ಸೆಲ್ ಅವಳ ಚೀಲವನ್ನು ಗೇಟಿನವರೆಗೆ ಹೊತ್ತು ತಂದ. "ಒಂದು ಮಾತು, ಅಕ್ಕ. ಅವತ್ತು ಗೇಟಿನ ಹತ್ತಿರವೇ ಹೇಳಿಬಿಟ್ಟಿದ್ರೆ..." ಎಂದು ಶುರುಮಾಡಿ, ಅವಳ ಮುಖ ನೋಡಿ ಚೀಲವನ್ನು ಅವಳ ಕೈಗಿತ್ತ.

ಸೋಮವಾರ ಮಂಜು ಕರಗುವ ಮೊದಲೇ ಅಚಿಯಾ ತನ್ನ ಒಳ್ಳೆಯ ಬಿಳಿ ಬಟ್ಟೆಯುಟ್ಟು ಮಾವಿನ ಮರದ ಕೆಳಗೆ ಬಂದು ನಿಂತಿದ್ದಳು. ಗೇಟಿನೊಳಗೆ ಹೋಗುವ ಹಕ್ಕು ಈಗ ಅವಳಿಗಿರಲಿಲ್ಲ. ಹೊಸ ಕಾರು ಬಂದು ನಿಂತಿತು. ಒಪ್ಪೊಂಗ್ ಉದ್ದನೆಯ ಯಾಮ್ ಗೆಡ್ಡೆಗಳ ಬುಟ್ಟಿಯನ್ನೂ ಮೊಟ್ಟೆಯ ಚಿಕ್ಕ ಕುಕ್ಕೆಯನ್ನೂ ಇಳಿಸಿದ. ಒಪಾನಿನ್ ಕೆಳಗಿಳಿದು ಅತ್ತಿತ್ತ ನೋಡಿದರು.

"ಇದೇನಮ್ಮ, ಹೊರಗೇ ನಿಂತಿದ್ದೀಯ? ಒಳಗೆ ಕರೆಯಲ್ವಾ?"

"ನೆಲ ಒರೆಸ್ತಾ ಇದ್ದಾರೆ, ಅಪ್ಪಯ್ಯ. ಜಾರುತ್ತೆ. ಅದೂ ಅಲ್ಲದೆ ಪಿತೃಗಳು ಕುಡಿದ ಜಾಗ ಇದು."

ಆ ಉತ್ತರ ಅವರಿಗೆ ಹಿಡಿಸಿತು. ಅಷ್ಟರಲ್ಲಿ ಗೇಟು ತೆರೆದು ಎಸ್ಸೆಲ್ ಬಂದ. ಎರಡು ಕುರ್ಚಿ ತಂದು ಕೆಮ್ಮಣ್ಣಿನ ಮೇಲೆ ಹಾಕಿದ. ಮತ್ತೆ ಒಳಗೆ ಹೋಗಿ ತಟ್ಟೆಯಲ್ಲಿ ನೀರು ತಂದ. ಮೊಣಕಾಲು ತುಸು ಬಾಗಿಸಿ, ಎರಡೂ ಕೈಯಲ್ಲಿ ಕೊಟ್ಟ. ತಲೆ ತಗ್ಗಿಸಿ ಹಿಂದಿರುಗಿದ.

"ಆ ಹುಡುಗ ಸುಧಾರಿಸಿದ್ದಾನೆ," ಎಂದರು ಒಪಾನಿನ್. "ಅವನಿಗೂ ನೀನೇ ಕಲಿಸಿದೆ ಅಂತ ಕಾಣುತ್ತೆ."

ಒಪ್ಪೊಂಗ್ ಮನೆಯವರೆಲ್ಲರ ಪರವಾಗಿ ಕೃತಜ್ಞತೆಯ ಮಾತುಗಳನ್ನು ಒಂದೊಂದಾಗಿ ಹೇಳಿದ. ಅಚಿಯಾ ಕೈಮುಗಿದು ಸ್ವೀಕರಿಸಿದಳು. ಕಾರು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಕೈಬೀಸಿದಳು.

ಆಮೇಲೆ ಬುಟ್ಟಿಯನ್ನು ತಲೆಯ ಮೇಲಿಟ್ಟು, ಕುಕ್ಕೆ ಕೈಯಲ್ಲಿ ಹಿಡಿದು, ಜನ ತುಂಬಿದ ವ್ಯಾನು ಹತ್ತಿದಳು. ಮನೆಯ ದಾರಿಯಲ್ಲಿ ಇಳಿಯದೆ ಮಾರುಕಟ್ಟೆಯವರೆಗೂ ಹೋದಳು. ತಾಯಿಯ ಸಾಲಿನಲ್ಲಿ ಬಟ್ಟೆಗಳು ಆಗಲೇ ಗೋಪುರದಂತೆ ಏರಿದ್ದವು. ಅಫ್ರಿಯೆ ಕಟ್ಟೆಯ ನಡುವೆ ಕೂತಿದ್ದಳು. ಅಚಿಯಾಳ ಕೆಲಸ ಹೋದ ಸುದ್ದಿ ಅವಳ ಕಿವಿಗೆ ಶನಿವಾರವೇ ಬಿದ್ದಿತ್ತೆಂದು ಅವಳ ಕಣ್ಣು ಹೇಳುತ್ತಿತ್ತು.

"ನಿನಗೆ ಅಂತ ತಂದೆ," ಎಂದು ಅಚಿಯಾ ಅರ್ಧ ಗೆಡ್ಡೆಗಳನ್ನು ಅವಳ ಮುಂದಿಟ್ಟಳು.

"ಅಯ್ಯೋ ಅಕ್ಕ, ಎಂಥ ಒಳ್ಳೆ ಗೆಡ್ಡೆ! ಇಂಥದ್ದು ನಾನು ನೋಡೇ ಇಲ್ಲ. ತುಂಬಾ ಚೆನ್ನಾಗಿದೆ, ಅಕ್ಕ, ತುಂಬಾ ಚೆನ್ನಾಗಿದೆ." ಅಫ್ರಿಯೆ ಹೊಗಳುತ್ತಲೇ ಇದ್ದಳು. ಅಕ್ಕನಿಗೆ ಜಾಗ ಬಿಡಲು ಕೂತಲ್ಲಿಂದ ಒಂದಿಷ್ಟೂ ಸರಿಯಲಿಲ್ಲ.

ಅಚಿಯಾ ಮೇಲಿದ್ದ ಒಂದು ಬಟ್ಟೆಯನ್ನು ಎಳೆದು, ಬೆಳಕಿಗೆ ಹಿಡಿದು, ತಾಯಿಯ ಗಿರಾಕಿಗಳಂತೆ ಮೂಗು ಮುರಿದಳು.

"ಇದೂ ಒಂದು ಬಣ್ಣವೇನೇ? ಒಂದೇ ಒಗೆತಕ್ಕೆ ಸೊಳ್ಳೆಪರದೆ ಆಗಿಬಿಡುತ್ತೆ."

ಅಫ್ರಿಯೆ ನಗಲಿಲ್ಲ. ಬಟ್ಟೆಯನ್ನು ಮೆಲ್ಲನೆ ಅವಳ ಕೈಯಿಂದ ತೆಗೆದುಕೊಂಡು, ಮಡಿಕೆ ಹಾಕತೊಡಗಿದಳು.